ಎಣಿಕೆಗೆ ಸಿಗದ ಒಂದು ಸೀಟು

ಬೆಳಿಗ್ಗೆ ಆರಕ್ಕೆ ಥರ್ಮಾಮೀಟರು 102 ತೋರಿಸಿತು. ಮೊಮ್ಮಗನ ಹಣೆ ಮುಟ್ಟಿ ನೋಡಿದ ನನ್ನಾಕೆ ‘ಹಂಚಿನಂಗ ಸುಡ್ಲತ್ತದ’ ಅಂದಳು. ಹಾಸಿಗೆಯ ಕಾಲ್ದೆಸೆಯಲ್ಲಿ ಅವನ ನೀಲಿ ಅಂಗಿ, ಹಳದಿ ಉಲ್ಲನ್ ಟೊಪ್ಪಿಗೆ, ಕೈಗವಸು ಎಲ್ಲವೂ ಹಿಂದಿನ ರಾತ್ರಿ ಅವನು ಮಡಚಿಟ್ಟಂತೆಯೇ ಇದ್ದವು.

ಅಂದು 2023ರ ನವೆಂಬರ್ 25, ಶನಿವಾರ. ಅಮೆರಿಕದ ಆ್ಯನ್ ಆರ್ಬರ್ ಎಂಬ ಊರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮಿಶಿಗನ್ ವಿಶ್ವವಿದ್ಯಾಲಯಕ್ಕೂ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಫುಟ್‌ಬಾಲ್ ಪಂದ್ಯ. ಇವೆರಡೂ ಮೊದಲ ಸಲ ಎದುರಾದದ್ದು 1897ರಲ್ಲಿ. ಆ ಕಡೆಯ ಜನ ಇದಕ್ಕೆ ಉದ್ದದ ಹೆಸರೇನೂ ಇಟ್ಟಿಲ್ಲ, ‘ದಿ ಗೇಮ್’ ಅಂದರೆ ಸಾಕು. ನಮ್ಮ ಕಡೆ ‘ಜಾತ್ರಿ’ ಎಂದರೆ ಯಾವ ಜಾತ್ರೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಎಂ.ಎಸ್. ಮಾಡಲೆಂದು ಮಿಶಿಗನ್‌ಗೆ ಬಂದ ನನ್ನ ಮಗ ಅಲ್ಲೇ ಡೆಟ್ರಾಯಿಟ್ ಸೀಮೆಯ ಕಾರು ಉದ್ಯಮದಲ್ಲಿ ನೆಲೆಯಾದವನು. ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತನಾದ ನಾನೂ ನನ್ನಾಕೆಯೂ ಆ ವರ್ಷ ಆರು ತಿಂಗಳ ಮಟ್ಟಿಗೆ ಅವನ ಮನೆಗೆ ಹೋಗಿದ್ದೆವು. ಪಂದ್ಯಕ್ಕೆ ಮೂರು ಟಿಕೆಟ್ ತರಿಸಿದ್ದ: ತನಗೊಂದು, ಹತ್ತು ವರ್ಷದ ಮಗನಿಗೊಂದು, ನನಗೊಂದು. ಸೊಸೆಗೆ ಅಂದು ಆಸ್ಪತ್ರೆಯ ಪಾಳಿ ಇತ್ತು. ನನ್ನಾಕೆಗೂ ಒಂದು ಟಿಕೆಟ್ ಎಂಬ ಮಾತೇ ಮನೆಯಲ್ಲಿ ಬಂದಿರಲಿಲ್ಲ. ಅದು ಬರಲಿಲ್ಲ ಎಂಬುದೂ ನನಗೆ ಆಗ ಹೊಳೆದಿರಲಿಲ್ಲ.

ಜ್ವರದ ಹುಡುಗನನ್ನು ಬಿಟ್ಟು ಮಗ ಹೊರಡುವಂತಿರಲಿಲ್ಲ. ‘ನಾನೂ ಹೋಗಾದಿಲ್ಲ, ಟಿವಿಯಾಗ ನೋಡಿದರಾಯ್ತು’ ಅಂದೆ. ಹಾಸಿಗೆಯಿಂದಲೇ ಮೊಮ್ಮಗ ಗುರಾಯಿಸಿದ. ‘ಮುತ್ಯಾ, ನೀ ಹೋಗು. ಎಲ್ಲಾ ನೋಡ್ಕೊಂಡ್ ಬಂದು ನಂಗ ಹೇಳು. ಒಂದೂ ಬಿಡಬ್ಯಾಡ.’ ಅಲ್ಲಿಗೆ ನಾನು ಪ್ರೇಕ್ಷಕ ಹೋಗಿ ವರದಿಗಾರನಾದೆ. ಉಳಿದೆರಡು ಟಿಕೆಟ್ ಮಾರಲು ಮಗ ಒಪ್ಪಲಿಲ್ಲ. ಜ್ವರ ಇಳಿದರೆ ಎರಡನೇ ಅರ್ಧಕ್ಕಾದರೂ ಬರುತ್ತೇವೆ ಎಂಬ ಆಸೆ.

ನನ್ನಾಕೆ ರೊಟ್ಟಿ, ಶೇಂಗಾ ಹಿಂಡಿ ಚೀಲಕ್ಕೆ ಕಟ್ಟಿದಳು. ಕ್ರೀಡಾಂಗಣದೊಳಗೆ ಚೀಲ ಒಯ್ಯುವಂತಿಲ್ಲ, ಹೊರಗಿನ ತಿನಿಸೂ ನಡೆಯುವುದಿಲ್ಲ ಎಂದು ಮಗ ಹೇಳಿದ ಮೇಲೂ ಎರಡು ಶೇಂಗಾ ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೋಟಿನ ಒಳಜೇಬಿಗೆ ತುರುಕಿದಳು. ‘ಅಷ್ಟ್ ಮಂದ್ಯಾಗ ನಿಮ್ಮ ಕಿಸೆ ಯಾರ್ ನೋಡ್ತಾರ.’

ನೆಲದೊಳಗಿನ ಬಟ್ಟಲು

ಕ್ರೀಡಾಂಗಣದಿಂದ ಒಂದು ಮೈಲಿ ಆಚೆಯೇ ಮಗ ನನ್ನನ್ನು ಇಳಿಸಿದ. ಮುಂದೆ ಕಾರು ಹೋಗುವ ಹಾಗಿರಲಿಲ್ಲ. ರಸ್ತೆಯ ಇಕ್ಕೆಲ, ಮನೆಗಳ ಅಂಗಳ, ಗಾಲ್ಫ್ ಮೈದಾನ ಎಲ್ಲೆಲ್ಲೂ ಕಾರುಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ಮಾಂಸ ಸುಡುತ್ತ, ಕುರ್ಚಿ ಹಾಕಿಕೊಂಡು ಕೂತ ಮಂದಿ. ಎತ್ತಿನ ಗಾಡಿ ಕೊರಳು ಬಿಚ್ಚಿ, ಮೂರು ಕಲ್ಲಿಟ್ಟು ಹುಗ್ಗಿ ಬೇಯಿಸಿಕೊಳ್ಳುತ್ತಿದ್ದ ನಮ್ಮ ಜಾತ್ರೆಯ ಬಯಲೇ ಕಣ್ಣ ಮುಂದೆ ಬಂತು. ಅಲ್ಲಿಯ ಹಾಗೆಯೇ ಇಲ್ಲಿಯೂ ಒಂದೊಂದು ಕಾರಿನ ಸುತ್ತ ಒಂದೊಂದು ಕುಟುಂಬ. ಎರಡು ದಿನದ ಹಿಂದಷ್ಟೇ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದಿತ್ತು. ದೂರದೂರದ ಮಕ್ಕಳು, ಮೊಮ್ಮಕ್ಕಳು ಹಬ್ಬಕ್ಕೆ ಊರಿಗೆ ಬಂದವರು ಹಾಗೇ ಪಂದ್ಯಕ್ಕೂ ಉಳಿದಿದ್ದರು. ಅಷ್ಟು ದೂರ ಒಬ್ಬನೇ ನಡೆಯುತ್ತಿದ್ದವನು ನಾನೇ ಇರಬೇಕು ಅನ್ನಿಸಿತು. ನಿಜವಿರಲಿಕ್ಕಿಲ್ಲ. ಒಬ್ಬನೇ ಇರುವವನಿಗೆ ಹಾಗೆ ಅನ್ನಿಸುವುದು ಸಹಜ.

ಗೇಟಿನಲ್ಲಿ ಕಾಗದದ ಟಿಕೆಟ್ ಇಲ್ಲ. ಮಗ ಮೊಬೈಲಿಗೆ ಕಳಿಸಿದ್ದ ಚಿತ್ರವನ್ನು ಯಂತ್ರಕ್ಕೆ ತೋರಿಸಿ ಒಳಗೆ ಹೋದೆ. ಮೆಟ್ಟಿಲು ಹತ್ತಬೇಕಾದೀತು ಎಂದು ಮೊಣಕಾಲಿಗೆ ಬೆಳಿಗ್ಗೆಯೇ ಎಣ್ಣೆ ತಿಕ್ಕಿಕೊಂಡಿದ್ದೆ. ಹತ್ತುವುದೇ ಇರಲಿಲ್ಲ. ನೆಲಮಟ್ಟದ ಒಂದು ಬಾಗಿಲು ದಾಟಿದೆ, ಕಾಲ ಬುಡದಲ್ಲಿ ಊರಿಗೆ ಊರೇ ಕೆಳಗಿತ್ತು. ಬಾವಿ ಕಟ್ಟೆಯ ಮೇಲೆ ಕೈಯೂರಿ ಇಣುಕಿದಾಗ ಎದೆ ಒಂದು ಕ್ಷಣ ಖಾಲಿಯಾಗುತ್ತದಲ್ಲ, ಅದೇ ಅನುಭವ. ಮಿಶಿಗನ್ ಕ್ರೀಡಾಂಗಣವನ್ನು 1927ರಲ್ಲಿ ಕಟ್ಟಿದವರು ಅದನ್ನು ಮೇಲಕ್ಕೆ ಎಬ್ಬಿಸದೆ ನೆಲದೊಳಗೆ ಅಗೆದರು. ಫೀಲ್ಡಿಂಗ್ ಯೋಸ್ಟ್ ಎಂಬ ಹಳೆಯ ತರಬೇತುದಾರನ ಹಟದಿಂದ ಆದ ಕೆಲಸ ಅದು. ಅಗೆಯುವಾಗ ನೀರಿನ ಸೆಲೆ ಎದ್ದು ಒಂದು ಯಂತ್ರವೇ ಕೆಸರಿನಲ್ಲಿ ಹೂತುಹೋಯಿತು, ಇನ್ನೂ ಅದು ಮೈದಾನದ ಅಡಿಯಲ್ಲೇ ಇದೆ ಎಂಬ ಕಥೆಯನ್ನು ಊರವರು ಇಂದಿಗೂ ಹೇಳಿಕೊಳ್ಳುತ್ತಾರೆ. ಎರಡು ಬದಿಗೆ ಎತ್ತರದ ಕಟ್ಟಡ ಬಂದದ್ದು 2010ರ ಹೊತ್ತಿಗೆ.

ಆಸನಗಳ ಲೆಕ್ಕ 1,07,601. ಆ್ಯನ್ ಆರ್ಬರ್ ನಗರದ ಜನಸಂಖ್ಯೆಯೇ 2020ರ ಗಣತಿಯಲ್ಲಿ 1,23,851. ನಮ್ಮ ಭಾಲ್ಕಿ ಪಟ್ಟಣದ್ದು 2011ರಲ್ಲಿ 40 ಸಾವಿರದ ಆಸುಪಾಸು. ಬಸ್‌ಸ್ಟ್ಯಾಂಡು, ಕೋಟೆ, ಹಿರೇಮಠ, ಸಂತೆ ಸಮೇತ ಎರಡೂವರೆ ಭಾಲ್ಕಿಯನ್ನು ಆ ಬಟ್ಟಲಿಗೆ ಸುರಿದರೂ ಇನ್ನಷ್ಟು ಜಾಗ ಉಳಿಯುತ್ತದೆ.

ಆ ಲೆಕ್ಕದ ಕೊನೆಯ ‘1’ಕ್ಕೂ ಒಂದು ಕಥೆಯಿದೆ. ಫ್ರಿಟ್ಜ್ ಕ್ರಿಸ್ಲರ್ ಎಂಬಾತ ಮಿಶಿಗನ್ ತಂಡದ ಹೆಸರಾಂತ ತರಬೇತುದಾರ. 1938ರಲ್ಲಿ ಆಟಗಾರರ ಶಿರಸ್ತ್ರಾಣದ ಮೇಲೆ ಹಳದಿ ರೆಕ್ಕೆ ಬರೆಸಿದವನು ಅವನೇ. ಆ ರೆಕ್ಕೆ ಇಂದಿಗೂ ಇದೆ. ಅವನ ಗೌರವಕ್ಕೆ ಒಂದು ಸೀಟು ಹೆಚ್ಚಿಗೆ ಸೇರಿಸಿ ಲೆಕ್ಕ ಬರೆಯುತ್ತಾರೆ. ಕ್ರೀಡಾಂಗಣ ಎಷ್ಟೇ ಸಲ ದೊಡ್ಡದಾಗಲಿ, ಸಂಖ್ಯೆಯ ಕೊನೆಗೆ ಒಂದು ಇದ್ದೇ ಇರಬೇಕು. ಆದರೆ ಆ ಸೀಟು ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಕೂತವನಿಗೂ ಗೊತ್ತಿಲ್ಲ.

ನನ್ನ ಸೀಟು ಎಂದರೆ ಉದ್ದನೆಯ ಲೋಹದ ಬೆಂಚಿನ ಮೇಲೆ ಅಂಟಿಸಿದ ಒಂದು ಅಂಕಿ, ಅಷ್ಟೇ. 14 ನನ್ನದು, 15 ಮಗನದು, 16 ಮೊಮ್ಮಗನದು. ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿ. ಕೂತ ಕೂಡಲೇ ಲೋಹದ ತಂಪು ಪ್ಯಾಂಟು ದಾಟಿ ಒಳಗೆ ಇಳಿಯಿತು. ಪಕ್ಕದ ಎರಡು ಅಂಕಿಯ ಮೇಲೆ ನನ್ನ ಮಫ್ಲರ್ ಹಾಸಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಾಡಿನವನು ನಾನು. ಆ ನಿಯಮ ಅಲ್ಲಿಯೂ ನಡೆಯಿತು, ಆದರೆ ಹತ್ತೇ ನಿಮಿಷ. ದಪ್ಪ ಕೋಟು ತೊಟ್ಟ ಮೈಗಳು ಒಂದೊಂದು ಅಂಗುಲ ಸರಿದು, ಪಂದ್ಯ ಶುರುವಾಗುವ ಹೊತ್ತಿಗೆ 15 ಮತ್ತು 16 ಎರಡನ್ನೂ ನುಂಗಿಹಾಕಿದ್ದವು. ಮಫ್ಲರ್ ಎಳೆದುಕೊಂಡು ಕೊರಳಿಗೆ ಸುತ್ತಿದೆ.

ಕಾಲಿಗಿಂತ ಕೈ ಹೆಚ್ಚಿನ ಆಟ

ಹೆಸರಿಗೆ ಫುಟ್‌ಬಾಲ್. ಚೆಂಡು ಉದ್ದುದ್ದ ಕರಬೂಜದ ಆಕಾರ. ಅದನ್ನು ಕಾಲಿನಿಂದ ಒದೆಯುವುದು ಅಪರೂಪ. ಮೊಮ್ಮಗ ತಿಂಗಳಿಡೀ ನನಗೆ ಪಾಠ ಮಾಡಿದ್ದ. ಒಂದೊಂದು ಕಡೆ ಹನ್ನೊಂದು ಮಂದಿ, ನೂರು ಗಜದ ಮೈದಾನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನ. ಆ ನಾಲ್ಕರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಆರು ಅಂಕ, ಮೇಲೊಂದು ಒದೆತಕ್ಕೆ ಇನ್ನೊಂದು. ದಾಟಿಸಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ ಮೂರು. ಲೆಕ್ಕದ ಆಟ ಅರವತ್ತು ನಿಮಿಷ, ನಡೆಯುವುದು ಮೂರೂವರೆ ತಾಸು.

ಪುಸ್ತಕದ ಪಾಠ ಅಷ್ಟು. ಕಣ್ಣಿಗೆ ಕಂಡದ್ದು ಬೇರೆ: ಇಪ್ಪತ್ತೆರಡು ಪೈಲ್ವಾನರು ಎದುರುಬದುರು ಬಾಗಿ, ಒಂದು ಕೈ ನೆಲಕ್ಕೂರಿ, ಉಸಿರು ಹಿಡಿದು ಕಾಯುತ್ತಾರೆ. ಚೆಂಡು ಅಲುಗಿದ್ದೇ ತಡ, ಹೆಗಲಿಗೆ ಹೆಗಲು ಬಡಿದ ಸದ್ದು. ಒಂದು ಗಜಕ್ಕಾಗಿ ಹತ್ತು ಮಂದಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಕುಸ್ತಿ ಕಂಡ ಕಣ್ಣಿಗೆ ಇದು ಹೊಸದಲ್ಲ.

ನಮ್ಮ ಕಡೆ ಜಾತ್ರೆಯ ಕೊನೆಯ ದಿನ ಕುಸ್ತಿ ಇರಲೇಬೇಕು. ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗುಡಿಯ ಹಿಂದಿನ ಹೊಲವನ್ನು ಹದ ಮಾಡಿ ಕಣ ಸಿದ್ಧಪಡಿಸುತ್ತಿದ್ದರು. ಮೊದಲು ತೆಂಗಿನಕಾಯಿ ಕುಸ್ತಿ. ಮೂಗು ಸುರಿಸುವ ಹುಡುಗರು ಲಂಗೋಟಿ ಕಟ್ಟಿಕೊಂಡು ಒಂದು ಕಾಯಿಗಾಗಿ ಹೊರಳಾಡುತ್ತಿದ್ದರು. ಆಮೇಲೆ ಐದು ರೂಪಾಯಿ, ಹತ್ತು ರೂಪಾಯಿಯ ಜೋಡಿಗಳು. ಹೊತ್ತು ಇಳಿದಂತೆ ಹಲಗೆಯ ಸದ್ದು ಏರುತ್ತಿತ್ತು. ಕಟ್ಟಕಡೆಗೆ ಬೆಳ್ಳಿ ಕಡೆಯ ಕುಸ್ತಿ. ಅದಕ್ಕೆ ಉದಗೀರ, ಲಾತೂರ, ನಾಂದೇಡದ ಕಡೆಯಿಂದ ಪೈಲ್ವಾನರು ಬರುತ್ತಿದ್ದರು. ಪಂಚರು ಕೈ ಹಿಡಿದು ಇಬ್ಬರನ್ನೂ ಕಣದ ಸುತ್ತ ತಿರುಗಿಸಿ, ಮಣ್ಣು ಮುಟ್ಟಿಸಿ ಬಿಟ್ಟರೆ, ಬೆನ್ನು ನೆಲಕ್ಕೆ ತಾಗುವವರೆಗೂ ಬಿಡುವ ಮಾತಿಲ್ಲ.

ಆ ಕುಸ್ತಿಗೆ ನಾನು ಮೊದಲು ಹೋದದ್ದು ಅಪ್ಪನ ಹೆಗಲ ಮೇಲೆ. ಆಮೇಲೆ ಗೆಳೆಯರ ಜೊತೆ, ಆಮೇಲೆ ನನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು. ಅವ್ವ ಬಂದಿರಲಿಲ್ಲ, ತಂಗಿ ಬಂದಿರಲಿಲ್ಲ, ಹೆಂಡತಿ ಬಂದಿರಲಿಲ್ಲ. ಬರಬಾರದು ಎಂದು ಯಾರೂ ಡಂಗುರ ಹೊಡೆಸಿರಲಿಲ್ಲ. ಗುಡಿಗೆ, ತೇರಿಗೆ, ಬಳೆ ಅಂಗಡಿಗೆ ಮನೆಮಂದಿಯೆಲ್ಲ ಒಟ್ಟಿಗೆ, ಕುಸ್ತಿಗೆ ಮಾತ್ರ ಗಂಡಸರು. ಮನೆಯವರನ್ನು ಬಿಟ್ಟು ಹೋಗಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಕುಸ್ತಿ ಎಂದರೇ ಹಾಗೆ ಎಂದುಕೊಂಡಿದ್ದೆ.

ಆ್ಯನ್ ಆರ್ಬರಿನ ಬೆಂಚಿನ ಮೇಲೆ ಕಣ್ಣಾಡಿಸಿದರೆ ನನ್ನ ಮುಂದಿನ ಸಾಲಿನಲ್ಲಿ ಕಾಲಿಗೆ ಕಂಬಳಿ ಸುತ್ತಿಕೊಂಡ ಮುದುಕಿ, ಅವಳ ಮಗಳು, ಮೊಮ್ಮಗಳು. ಮುದುಕಿಯ ಬೈಗುಳ ಉಳಿದಿಬ್ಬರಿಗಿಂತ ಜೋರು. ಆಗ ಮೊದಲ ಸಲ ಮನಸ್ಸಿಗೆ ಬಂದದ್ದು: ನಾಲ್ಕನೇ ಟಿಕೆಟ್ ಯಾಕೆ ತರಿಸಲಿಲ್ಲ?

ಮತ್ತೊಂದು ಲೆಕ್ಕವೂ ನೆನಪಾಯಿತು. ಆರೇ ದಿನದ ಹಿಂದೆ, ನವೆಂಬರ್ 19ರಂದು, ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ ಫೈನಲ್ ನಡೆದಿತ್ತು. ಮಿಶಿಗನ್‌ನಲ್ಲಿ ಆಗ ನಸುಕಿನ ಮೂರೂವರೆ. ಐದೂ ಜನ ರಗ್ಗು ಹೊದ್ದು ಒಂದೇ ಸೋಫಾದಲ್ಲಿ ಕೂತು ನೋಡಿದ್ದೆವು. ಟ್ರಾವಿಸ್ ಹೆಡ್ 137 ಬಾರಿಸಿ ನಮ್ಮ ಬಾಯಿ ಕಟ್ಟಿದಾಗ ನನ್ನಾಕೆ ಎದ್ದು ಹೋಗಿ ಎಲ್ಲರಿಗೂ ಉಪ್ಪಿಟ್ಟು ಮಾಡಿ ತಂದಳು. ಸೋಲನ್ನು ಐದು ತಟ್ಟೆಗೆ ಹಂಚಿಕೊಂಡು ತಿಂದೆವು. ಹಂಚಿಕೊಂಡದ್ದಕ್ಕೋ ಏನೋ, ಅದು ಬೇಗ ಕರಗಿತು.

ಗಡಿ, ಗೆರೆ ಮತ್ತು ಒಂದು ಕಂಬಳಿ

ನನ್ನ ಎಡಕ್ಕೆ ಕೂತಿದ್ದ ಜೋಡಿಯನ್ನು ಕಂಡು ಮೊದಲು ನಗು ಬಂತು. ಗಂಡ ಮೈತುಂಬ ಒಹಾಯೊದ ಕೆಂಪು, ಹೆಂಡತಿ ಮೈತುಂಬ ಮಿಶಿಗನ್‌ನ ನೀಲಿ. ಇಬ್ಬರ ಮೊಣಕಾಲ ಮೇಲೆ ಒಂದೇ ಕಂಬಳಿ. ಎಪ್ಪತ್ತರ ಆಸುಪಾಸು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಮಾತಿಗೆಳೆದೆ. ‘ನಾವು ಟೊಲಿಡೊದವರು’ ಎಂದರು. ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ ಎಂಬ ದನಿಯಲ್ಲಿ.

ಅದರ ಅರ್ಥ ಮೊಮ್ಮಗನ ಪಾಠದಲ್ಲೇ ಬಂದಿತ್ತು. ಟೊಲಿಡೊ ಈಗ ಒಹಾಯೊ ರಾಜ್ಯದ ಊರು, ಮಿಶಿಗನ್ ಗಡಿಗೆ ಅಂಟಿಕೊಂಡೇ ಇದೆ. ಇಬ್ಬರು ಸರ್ವೆಯವರು ಎಳೆದ ಎರಡು ಬೇರೆ ಬೇರೆ ಗೆರೆಗಳ ನಡುವೆ ಸುಮಾರು 1,200 ಚದರ ಕಿಲೋಮೀಟರಿನ ಪಟ್ಟಿ ಸಿಕ್ಕಿಬಿದ್ದು, 1835ರಲ್ಲಿ ಎರಡೂ ಕಡೆಯವರು ಸೈನ್ಯ ಕಟ್ಟಿ ಎದುರಾದರು. ಚರಿತ್ರೆಯಲ್ಲಿ ಅದಕ್ಕೆ ‘ಟೊಲಿಡೊ ಯುದ್ಧ’ ಎಂದೇ ಹೆಸರು. ಯುದ್ಧದಲ್ಲಿ ಸತ್ತವರು ಯಾರೂ ಇಲ್ಲ. ಮಿಶಿಗನ್ ಕಡೆಯ ಒಬ್ಬ ಅಧಿಕಾರಿಗೆ ಚಾಕು ತಾಗಿತ್ತು. ಕೊನೆಗೆ ವಾಷಿಂಗ್ಟನ್ನಿನವರು ಪಟ್ಟಿಯನ್ನು ಒಹಾಯೊಗೆ ಕೊಟ್ಟು, ಮಿಶಿಗನ್ನಿಗೆ ದೂರದ ಉತ್ತರದ ಕಾಡುನಾಡನ್ನು ಸಮಾಧಾನಕ್ಕೆ ಕೊಟ್ಟರು. 1836ರ ಡಿಸೆಂಬರಿನಲ್ಲಿ ಇದೇ ಆ್ಯನ್ ಆರ್ಬರಿನಲ್ಲಿ ಸಭೆ ಸೇರಿ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ ಮೇಲೆ, 1837ರ ಜನವರಿ 26ರಂದು ಮಿಶಿಗನ್ ರಾಜ್ಯವಾಯಿತು. ಬೇಡವೆಂದು ಮೂಗು ಮುರಿದ ಆ ಕಾಡಿನಲ್ಲಿ ಮುಂದೆ ತಾಮ್ರ, ಕಬ್ಬಿಣ ರಾಶಿರಾಶಿಯಾಗಿ ಸಿಕ್ಕಿತು. ಆದರೂ ಸಿಟ್ಟು ಹೋಗಲಿಲ್ಲ. ಈಗ ವರ್ಷಕ್ಕೊಮ್ಮೆ, ನವೆಂಬರಿನ ಕೊನೆಯ ಶನಿವಾರ, ನೂರು ಗಜದ ಮೈದಾನದ ಮೇಲೆ ಅದನ್ನು ತೀರಿಸಿಕೊಳ್ಳುತ್ತಾರೆ. ಪಂದ್ಯದ ವಾರ ಒಹಾಯೊ ಸ್ಟೇಟ್ ಆವರಣದ ಫಲಕಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಪಟ್ಟಿ ಅಂಟಿಸಿ ಮುಚ್ಚುವುದು ಅಲ್ಲಿಯ ಹುಡುಗರ ಸಂಪ್ರದಾಯ.

ಅಕ್ಷರ ಮುಚ್ಚಿಡುವುದು ಅವರಿಗೆ ಆಟ. ಭಾಲ್ಕಿಯವರಿಗೆ ಅದೇ ಒಂದು ಕಾಲದ ಬದುಕಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ನಮ್ಮ ಅಪ್ಪನ ತಲೆಮಾರಿನ ಎಷ್ಟೋ ಮಂದಿಯ ಕೈಗೆ ಕನ್ನಡದ ಓನಾಮ ಹತ್ತಿದ್ದು ಹಾಗೆ.

ಇನ್ನು ಗೆರೆಯ ಮಾತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ರೊಟ್ಟಿ ಮುರಿದಂತೆ ಮುರಿದರು. ಭಾಲ್ಕಿ, ಔರಾದ ಮೈಸೂರಿಗೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೆ. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ. ಗಡಿಭಾಗ ಮಹಾರಾಷ್ಟ್ರಕ್ಕೆ ಸೇರಬೇಕೆಂದು ಗಡಿಯಾಚೆ ಎದ್ದ ಬೇಡಿಕೆಯ ಘೋಷಣೆಯಲ್ಲಿ ಬೆಳಗಾವಿ, ಕಾರವಾರ, ನಿಪ್ಪಾಣಿಯ ಜೊತೆ ಬೀದರ್, ಭಾಲ್ಕಿಯ ಹೆಸರೂ ಸೇರಿಕೊಂಡಿತು. 1966ರಲ್ಲಿ ಮಹಾಜನ ಆಯೋಗ ಕೂತಿತು, ಮರುವರ್ಷ ವರದಿ ಕೊಟ್ಟಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ನನ್ನಾಕೆಯ ತವರು ಉದಗೀರ. ಭಾಲ್ಕಿಯಿಂದ ರೈಲು ಹತ್ತಿದರೆ ಕಮಲನಗರ ದಾಟಿ ಉದಗೀರ. ನನ್ನ ಮಾವ ನಿಜಾಮನ ಹೈದರಾಬಾದಿನ ಬೀದರ್ ಜಿಲ್ಲೆಯಲ್ಲಿ ಹುಟ್ಟಿದವರು. 1956ರಲ್ಲಿ ಮುಂಬಯಿ ರಾಜ್ಯದವರಾದರು, 1960ರಲ್ಲಿ ಮಹಾರಾಷ್ಟ್ರದವರಾದರು, 1982ರಲ್ಲಿ ಲಾತೂರ ಜಿಲ್ಲೆಯವರಾದರು. ಇಷ್ಟೂ ಊರು ಕೇರಿ ದಾಟಿದ್ದು ಒಂದೇ ಮನೆಯ ಒಂದೇ ಪಡಸಾಲೆಯಲ್ಲಿ ಕೂತು. ಅವರ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ಗೆರೆ ಎಳೆದವರು ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಲು ಆಗುತ್ತಲೂ ಇರಲಿಲ್ಲ.

ಟೊಲಿಡೊದ ಮುದುಕಿಗೆ ಕೇಳಿದೆ: ‘ಸೋತ ಕಡೆಯವರು ಮನೆಯಲ್ಲಿ ಏನು ಮಾಡುತ್ತೀರಿ?’ ಗಂಡನ ಕಡೆ ಬೆರಳು ತೋರಿಸಿ, ಸೋತವರು ಒಂದು ವಾರ ಪಾತ್ರೆ ತೊಳೆಯಬೇಕು, ಎರಡು ವರ್ಷದಿಂದ ಇವನೇ ತೊಳೆಯುತ್ತಿದ್ದಾನೆ ಅಂದಳು. ಗಂಡ ಕಂಬಳಿಯನ್ನು ತನ್ನ ಕಡೆಗೆ ಒಂದಿಷ್ಟು ಎಳೆದುಕೊಂಡ.

ನನಗೆ 1983ರ ಬೆಳ್ಳಿ ಕಡೆಯ ಕುಸ್ತಿ ನೆನಪಾಯಿತು. ನಮ್ಮ ಮದುವೆಯಾಗಿ ಮೂರು ವರ್ಷ. ಕಡೆಯ ಜೋಡಿ ನಮ್ಮೂರ ಪೈಲ್ವಾನನಿಗೂ ಉದಗೀರದವನಿಗೂ ಬಿತ್ತು. ಅರ್ಧ ತಾಸು ಸೆಣಸಿ ಉದಗೀರದವನು ನಮ್ಮವನನ್ನು ಚಿತ್ ಮಾಡಿದ. ಮಂದಿ ಕಣಕ್ಕೆ ನುಗ್ಗಿದರು. ಆ ನೂಕಾಟದಲ್ಲಿ ನನ್ನ ಕಾಲಿನ ಹೊಸ ಚಪ್ಪಲಿ ಎರಡೂ ಹೋದವು. ದೀಪಾವಳಿಗೆ ಮಾವನ ಮನೆಯವರು ಉಡುಗೊರೆ ಕೊಟ್ಟಿದ್ದ ಚಪ್ಪಲಿ. ಉದಗೀರದ ಪೈಲ್ವಾನ ಗೆದ್ದ ಗಳಿಗೆಯಲ್ಲೇ ಉದಗೀರದ ಚಪ್ಪಲಿ ಕಳೆದುಕೊಂಡೆ ಎಂದು ಹೇಳಲು ಬಾಯಿ ಬರಲಿಲ್ಲ. ಗುಡಿಯ ಮುಂದೆ ಬಿಟ್ಟಿದ್ದೆ, ಯಾರೋ ಹೊಡೆದರು ಎಂದು ಮನೆಯಲ್ಲಿ ಹೇಳಿದೆ. ನನ್ನಾಕೆ ‘ಹೋಗ್ಲಿ ಬಿಡ್ರಿ, ಪೀಡಾ ಹೋಯ್ತು’ ಅಂದಿದ್ದಳು. ತವರಿನ ಪೈಲ್ವಾನ ಗೆದ್ದದ್ದು ಅವಳಿಗೆ ಗೊತ್ತೇ, ಗೊತ್ತಾಗಿದ್ದರೆ ಯಾರ ಕಡೆ ಮನಸ್ಸಿತ್ತು ಎಂದು ನಾನು ಕೇಳಲಿಲ್ಲ. ನಲವತ್ತು ವರ್ಷವಾಯಿತು.

ಆರು ಬೆರಳು, ಐದು ಬೆರಳು

ಎರಡೂ ತಂಡ ಅಂದಿನವರೆಗೆ ಹನ್ನೊಂದಕ್ಕೆ ಹನ್ನೊಂದು ಗೆದ್ದು ಬಂದಿದ್ದವು. ಇಲ್ಲಿ ಸೋತವನ ವರ್ಷ ಮುಗಿದಂತೆ. ಆಡುವವರು ವಿದ್ಯಾರ್ಥಿಗಳೇ, ಆದರೆ ಸುತ್ತಲಿನ ದುಡ್ಡು ವಿದ್ಯಾರ್ಥಿಗಳದ್ದಲ್ಲ. ಇವರಿಬ್ಬರೂ ಇರುವ ‘ಬಿಗ್ ಟೆನ್’ ಕೂಟ ಟಿವಿ ಹಕ್ಕಿಗಾಗಿ ಮಾಡಿಕೊಂಡ ಏಳು ವರ್ಷದ ಒಪ್ಪಂದದ ಮೊತ್ತ 700 ಕೋಟಿ ಡಾಲರಿಗೂ ಹೆಚ್ಚು ಎನ್ನುತ್ತಾರೆ. ಆಟಗಾರರು ತಮ್ಮ ಹೆಸರು, ಮುಖದಿಂದ ಹಣ ಗಳಿಸಲು ಅವಕಾಶ ಸಿಕ್ಕಿದ್ದು 2021ರಿಂದೀಚೆಗೆ.

ಮಿಶಿಗನ್ನಿನ ಮುಖ್ಯ ತರಬೇತುದಾರ ಜಿಮ್ ಹಾರ್ಬೊ ಅಂದು ಮೈದಾನದಲ್ಲೇ ಇರಲಿಲ್ಲ. ಎದುರಾಳಿಗಳ ಪಂದ್ಯಕ್ಕೆ ಜನ ಕಳಿಸಿ, ಗ್ಯಾಲರಿಯಲ್ಲಿ ಕೂರಿಸಿ, ಅವರ ಕೈಸನ್ನೆಗಳನ್ನು ಕದ್ದು ನೋಡಿಸಿದ ಆರೋಪ ಮಿಶಿಗನ್ ತಂಡದ ಮೇಲಿತ್ತು. ಅದಕ್ಕೆ ಬಿಗ್ ಟೆನ್ ಕೂಟ ಹಾರ್ಬೊಗೆ ಮೂರು ಪಂದ್ಯ ನಿಷೇಧ ಹಾಕಿತ್ತು. ಅವನ ಬದಲಿಗೆ ಶೆರೋನ್ ಮೂರ್ ತಂಡ ನಡೆಸಿದ. ಮನೆಯ ಯಜಮಾನನೇ ಇಲ್ಲದ ಮದುವೆ.

ವಾದ್ಯದವರು ಬಂದರು. ಅವರ ಮುಂದಾಳು ಬೆನ್ನು ಹಿಂದಕ್ಕೆ ಬಾಗಿಸಿ ತನ್ನ ಎತ್ತರದ ಟೊಪ್ಪಿಗೆಯನ್ನು ನೆಲಕ್ಕೆ ತಾಗಿಸಿದಾಗ ಲಕ್ಷ ಮಂದಿ ಒಂದೇ ಕೊರಳಿನಲ್ಲಿ ಕೂಗಿದರು. 1898ರಲ್ಲಿ ಲೂಯಿ ಎಲ್ಬೆಲ್ ಎಂಬ ವಿದ್ಯಾರ್ಥಿ ಕಟ್ಟಿದ ‘ದಿ ವಿಕ್ಟರ್ಸ್’ ಹಾಡಿಗೆ ಎಲ್ಲರೂ ಮುಷ್ಟಿ ಎತ್ತಿದರು. ಪಲ್ಲವಿ ಗೊತ್ತಿಲ್ಲದ ನಾನು ಭಜನೆಯಲ್ಲಿ ಹಿಂದೆ ಕೂತವರಂತೆ ಬರೀ ತಾಳ ಹಾಕಿದೆ.

ಮೊದಲರ್ಧಕ್ಕೆ 14–10, ಮಿಶಿಗನ್ ಮುಂದು. ವಿರಾಮದಲ್ಲಿ ಮನೆಗೆ ಫೋನು ಹಚ್ಚಿದೆ. ಲಕ್ಷ ಫೋನುಗಳ ನಡುವೆ ನನ್ನದು ತಿರುಗುತ್ತಲೇ ಇತ್ತು, ಹತ್ತಲಿಲ್ಲ. ಕೋಟಿನೊಳಗಿನ ಹೋಳಿಗೆ ತೆಗೆದೆ. ಒಂದನ್ನು ಮುರಿದು ಟೊಲಿಡೊದ ಇಬ್ಬರಿಗೂ ಕೊಟ್ಟೆ. ಮುದುಕ ಬಾಯಿಗಿಟ್ಟುಕೊಂಡು ಕಣ್ಣರಳಿಸಿದ. ಯಾರು ಮಾಡಿದ್ದು ಎಂದು ಕೇಳಿದ. ಹೆಂಡತಿ ಅಂದೆ. ಅವಳೆಲ್ಲಿ ಎಂದು ಸುತ್ತ ನೋಡಿದ. ಉತ್ತರ ಕೊಡುವುದಕ್ಕೆ ನನಗೆ ಇಂಗ್ಲಿಷ್ ಸಾಲಲಿಲ್ಲ ಎಂದು ಹೇಳಿಕೊಳ್ಳಬಹುದು. ಕನ್ನಡದಲ್ಲಿ ಕೇಳಿದ್ದರೂ ಸಾಲುತ್ತಿರಲಿಲ್ಲ.

ಎರಡನೇ ಅರ್ಧದಲ್ಲಿ ಒಹಾಯೊ 17–17ಕ್ಕೆ ಸಮ ಮಾಡಿತು. ಆಮೇಲೆ ಮಿಶಿಗನ್ ನುಗ್ಗುವಾಗ ಅವರ ದೈತ್ಯ ಆಟಗಾರ ಜ್ಯಾಕ್ ಜಿಂಟರ್, ಬೆನ್ನ ಮೇಲೆ 65 ಅಂಕಿಯವನು, ನೆಲಕ್ಕೆ ಬಿದ್ದ. ಕಾಲು ಮುರಿದಿತ್ತು. ಅದುವರೆಗೆ ಕಿವಿಗಡಚಿಕ್ಕುತ್ತಿದ್ದ ಬಟ್ಟಲು ಒಮ್ಮೆಲೇ ತಣ್ಣಗಾಯಿತು. ಅಷ್ಟು ಮಂದಿಯ ಮೌನ ಎಂದರೆ ಹೇಗಿರುತ್ತದೆ ಎಂದು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಪಕ್ಕದ ಮುದುಕ ತನ್ನ ಕೆಂಪು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮುಂದಿನ ಸಾಲಿನ ಮುದುಕಿ ಮೊಮ್ಮಗಳನ್ನು ತನ್ನ ಕಂಬಳಿಯೊಳಗೆ ಎಳೆದುಕೊಂಡಳು. ಎಲ್ಲರ ಕೈಯೂ ತಮ್ಮ ತಮ್ಮವರನ್ನು ಹುಡುಕಿದ ಗಳಿಗೆ ಅದು. ನನ್ನ ಕೈ ಮಫ್ಲರ್ ಹಿಡಿದುಕೊಂಡಿತು.

ಜಿಂಟರನನ್ನು ಗಾಡಿಯಲ್ಲಿ ಹೊತ್ತೊಯ್ದರು. ಮುಂದಿನ ಯತ್ನದಲ್ಲೇ ಬ್ಲೇಕ್ ಕೋರಂ ಎಂಬ ಗಿಡ್ಡ ಆಟಗಾರ ಚೆಂಡು ಬಗಲಲ್ಲಿಟ್ಟುಕೊಂಡು 22 ಗಜ ಓಡಿ ಗೆರೆ ದಾಟಿದ. ದಾಟಿದವನೇ ಕೈಯೆತ್ತಿ ಆರು ಬೆರಳು ತೋರಿಸಿದ, ಆಮೇಲೆ ಐದು. ಅರವತ್ತೈದು. ಅಲ್ಲಿ ಇಲ್ಲದವನ ಅಂಕಿ. ಎದ್ದು ನಿಂತು ಯಾರ ಹೆಗಲನ್ನೋ ತಬ್ಬಿಕೊಂಡೆ. ಯಾರದೆಂದು ಈಗಲೂ ಗೊತ್ತಿಲ್ಲ.

ಕಡೆಗೆ 30–24. ಮಿಶಿಗನ್ ಆರು ಅಂಕ ಮುಂದಿದ್ದಾಗ ಒಹಾಯೊ ಚೆಂಡು ಹಿಡಿದು ಗೆರೆಯತ್ತ ನುಗ್ಗಿ ಬರುತ್ತಿತ್ತು, ಉಳಿದದ್ದು ಅರ್ಧ ನಿಮಿಷಕ್ಕಿಂತ ಕಡಿಮೆ. ರಾಡ್ ಮೂರ್ ಎಂಬ ಮಿಶಿಗನ್ ಹುಡುಗ ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ಕಿತ್ತುಕೊಂಡ. ಅಲ್ಲಿಗೆ ಮುಗಿಯಿತು. ಟೊಲಿಡೊದ ಹೆಂಡತಿ ಗಂಡನ ಕೆನ್ನೆಗೆ ಮುತ್ತು ಕೊಟ್ಟು, ಪಾತ್ರೆ ತೊಳೆಯುವ ಅಭಿನಯ ಮಾಡಿ ತೋರಿಸಿದಳು.

ಅಂದು ಬಂದವರ ಲೆಕ್ಕ 1,10,615. ಗೆದ್ದ ಕಡೆಯ ಲಕ್ಷ ಮಂದಿಯಲ್ಲಿ ನಾನೂ ಒಬ್ಬ. ಆರು ದಿನದ ಹಿಂದೆ ಮನೆಮಂದಿಯ ಜೊತೆ ಸೋತಿದ್ದೆ, ಇಂದು ಒಬ್ಬನೇ ಗೆದ್ದಿದ್ದೆ. ಗೆಲುವನ್ನು ಯಾರ ತಟ್ಟೆಗೆ ಹಾಕಲಿ ಎಂದು ತಿಳಿಯದೆ, ಉಳಿದೊಂದು ಹೋಳಿಗೆ ತಿನ್ನುತ್ತ ಮೈಲಿ ದೂರ ನಡೆದು ಮಗನ ಕಾರು ಸೇರಿದೆ.

ಮಾಳಿಗೆಯ ಮೇಲೆ

ಮನೆಗೆ ಬಂದಾಗ ಜ್ವರ ಇಳಿದಿತ್ತು. ಟಿವಿಯಲ್ಲಿ ಎಲ್ಲ ನೋಡಿದ್ದರೂ ಮೊಮ್ಮಗ ಮೊದಲಿನಿಂದ ಹೇಳಿಸಿದ. ಟಿವಿಯಲ್ಲಿ ಕಾಣದ್ದನ್ನೇ ಕೇಳಿದ: ಬೆಂಚು ಎಷ್ಟು ತಣ್ಣಗಿತ್ತು, ಕೆಂಪು ಅಂಗಿಯವರು ಅತ್ತರೋ ಇಲ್ಲವೋ, ತನ್ನ ಸೀಟಿನಲ್ಲಿ ಯಾರು ಕೂತರು. ಮೌನದ ಮಾತು ಬಂದಾಗ ಅವನೂ ಸುಮ್ಮನಾದ. ಕ್ರಿಸ್ಲರನ ಸೀಟಿನ ಕಥೆ ಅವನಿಗೆ ಗೊತ್ತಿತ್ತು. ‘ಮುತ್ಯಾ, ನೀ ಅದರ ಮ್ಯಾಲೇ ಕೂತಿರಬಹುದು’ ಅಂದು ನಿದ್ದೆಹೋದ.

ನನ್ನಾಕೆ ಅಡುಗೆಮನೆಯಲ್ಲಿ ಗಂಜಿಯ ಪಾತ್ರೆ ತಿಕ್ಕುತ್ತಿದ್ದಳು. ಟೊಲಿಡೊದ ಜೋಡಿಯ ಕಥೆ ಹೇಳಿದೆ. ನಕ್ಕಳು. ಹೇಳುತ್ತ ಹೇಳುತ್ತ ಅಲ್ಲಿಗೆ ಬಂದೆ.

‘ಉದಗೀರದ ಪೈಲ್ವಾನ ನಮ್ಮವನ್ನ ಚಿತ್ ಮಾಡಿದ್ನಲ್ಲ, ಆ ವರ್ಷ ನೀ ಅಲ್ಲಿದ್ದಿದ್ರ ಯಾರ್ ಕಡಿ ಇರ್ತಿದ್ದಿ?’

‘ಇದ್ದಿದ್ರ ಅಂದ್ರೇನ್ರಿ’ ಅಂದಳು, ಪಾತ್ರೆಯಿಂದ ಕಣ್ಣು ತೆಗೆಯದೆ. ‘ಇದ್ದೆನಲ್ಲ.’

‘ಎಲ್ಲಿ?’

‘ಮಾಳಿಗಿ ಮ್ಯಾಲ. ನಾನು, ನಿಮ್ಮವ್ವ, ನಿಮ್ಮ ತಂಗಿ, ಓಣ್ಯಾಗಿನ ಹೆಣ್ಮಕ್ಕಳೆಲ್ಲಾ. ಮೆಣಸಿನಕಾಯಿ ಒಣಗ ಹಾಕೋ ನೆವ ಮಾಡ್ಕೊಂಡು ಏರ್ತಿದ್ದೆವು. ವರ್ಷಾ ಏರ್ತಿದ್ದೆವು. ನಮ್ಮ ಮಾಳಿಗಿಯಿಂದ ಕಣ ಅಂಗೈಯಾಗ ಇಟ್ಟಂಗ ಕಾಣ್ತಿತ್ತು.’

ನಮ್ಮ ಹಳ್ಳಿಯ ಮನೆಗಳು ಮಣ್ಣಿನ ಮಾಳಿಗೆಯವು, ಒಂದಕ್ಕೊಂದು ಹತ್ತಿಕೊಂಡವು. ಗುಡಿಯ ಹಿಂದಿನ ಹೊಲಕ್ಕೂ ನಮ್ಮ ಮನೆಗೂ ನಡುವೆ ಎರಡೇ ಓಣಿ. ಅಪ್ಪನ ಹೆಗಲೇರಿ ಕೂತಿದ್ದ ದಿನದಿಂದಲೂ ನಾನು ಕಣವನ್ನು ನೋಡಿದ್ದೆ, ಹಲಗೆಯವರನ್ನು ನೋಡಿದ್ದೆ, ಎದುರಿನ ಮಂದಿಯನ್ನು ನೋಡಿದ್ದೆ. ಒಮ್ಮೆಯೂ ತಲೆಯೆತ್ತಿ ಹಿಂದಕ್ಕೆ ನೋಡಿರಲಿಲ್ಲ. ಈ ಸಲದ ಕುಸ್ತಿಗೆ ಐದು ಸಾವಿರ ಮಂದಿ, ಆರು ಸಾವಿರ ಮಂದಿ ಎಂದು ಪಂಚರು ಚಾವಡಿಯಲ್ಲಿ ಕೂತು ಹೆಮ್ಮೆಯಿಂದ ಹೇಳುತ್ತಿದ್ದ ಲೆಕ್ಕದಲ್ಲಿ ಮಾಳಿಗೆ ಇರಲಿಲ್ಲ. ಆ್ಯನ್ ಆರ್ಬರಿನವರು ಇಲ್ಲದವನಿಗಾಗಿ ಒಂದು ಸೀಟು ಕೂಡಿಸಿಕೊಂಡಿದ್ದರು. ನಾವು ಇದ್ದವರನ್ನೇ ಕಳೆದು ಬರೆದಿದ್ದೆವು.

‘ಹಂಗಾದ್ರ ನಮ್ಮ ಸನ್ನಿ ಎಲ್ಲಾ ಕದ್ದು ನೋಡೀರಿ ನೀವು’ ಅಂದೆ, ಹಾರ್ಬೊನ ನೆನಪಾಗಿ.

‘ಕದಿಯಾದೇನದ. ಅದೆಲ್ಲಾ ಬಯಲಾಗೇ ಇತ್ತು.’ ಪಾತ್ರೆ ಬೋರಲು ಹಾಕಿ ಕೈ ಒರೆಸಿಕೊಂಡಳು. ‘ಚಪ್ಲಿ ಗುಡಿ ಮುಂದ ಹೋಗಿಲ್ಲಂತ ನಂಗ ಅವತ್ತೇ ಗೊತ್ತಿತ್ತು.’

ನಲವತ್ತು ವರ್ಷದ ಹಳೆಯ ಸುಳ್ಳು ಅಮೆರಿಕದ ಅಡುಗೆಮನೆಯಲ್ಲಿ ಚಿತ್ ಬಿತ್ತು. ಸಾವರಿಸಿಕೊಂಡು ನನ್ನ ಪ್ರಶ್ನೆಗೇ ಮರಳಿದೆ.

‘ಆಯ್ತು. ಯಾರ್ ಕಡಿ ಇದ್ದಿ, ಅದ್ ಹೇಳು.’

‘ಕುಸ್ತಿ ಯಾರ್ ನೋಡ್ಯಾರ’ ಅಂದಳು. ‘ಬರಿಗಾಲಾಗ ಬಗ್ಗಿ ಬಗ್ಗಿ ನೀವು ಚಪ್ಲಿ ಹುಡುಕಾದೇ ನೋಡ್ಕೋತ ಕೂತೆ.’